ಗಣಿತದ ಪೇಪರು ಮುಗಿಯುವ ತನಕ

ಮತ್ತೆ ಬಿಸಿಲು ಕೂಸಿನ ಕಾಲ ಮೇಲೆ ಬಂತು, ಈಗಷ್ಟೇ ಸರಿದು ಕೂತಿದ್ದೆ, ಈ ಬೇವಿನ ಮರದ ನೆರಳು ನೆರಳೇ ಅಲ್ಲ, ಹರಿದ ಕೌದಿಯ ಹಾಗೆ ತೂತು ತೂತು, ಎಲ್ಲಿ ಕೂತರೂ ಒಂದು ತೂತಿನಿಂದ ಇಳಿದು ಇವಳನ್ನೇ ಹುಡುಕಿ ಮುಟ್ಟುತ್ತದೆ, ಇನ್ನಷ್ಟು ಬುಡದ ಕಡೆ ಸರಿಯಬೇಕು, ಹೀಗೆ, ಟವೆಲ್ಲಿನ ತುದಿ ಕಾಲಿಗೆ ಹೊದಿಸಬೇಕು, ಆದರೆ ಪೂರ್ತಿ ಆಚೆಗೆ ಸರಿದರೆ ಶಾಲೆಯ ಕಿಟಕಿಗೆ ನಾವು ಕಾಣುವುದಿಲ್ಲ, ಒಳಗೆ ಪರೀಕ್ಷೆಗೆ ಕೂತ ಹೆಂಡತಿ, ಗಿರಿಜಾ, ತಲೆ ಎತ್ತಿದಾಗ ನಾವಿಬ್ಬರೂ ಕಾಣಬೇಕು, ಹಾಗಂತ ಮಾತಾಗಿದೆ. ಗೇಟಿನ ಹತ್ತಿರ ಕೂಸನ್ನು ನನ್ನ ಕೈಗೆ ಕೊಡುವಾಗ ಹೇಳಿದಳು, ನಡುನಡುವ ಹೊರಗ ನೋಡತೀನಿ, ನೀವ್ ಅಲ್ಲೇ ಕುಂತಿದ್ರ ನನ್ನ ಕೈ ನಡಗಂಗಿಲ್ಲ. ಕೂತಿದ್ದೇನೆ, ಎಲ್ಲಿಗೂ ಹೋಗುವುದಿಲ್ಲ, ಅಗೋ ಮೂರನೆಯ ಕಿಟಕಿ, ಕಂಬಿಗಳ ಹಿಂದೆ ಅವಳ ಬಗ್ಗಿದ ತಲೆ, ಬೈತಲೆ ಒಂದು ಬಿಳಿ ಗೆರೆಯ ಹಾಗೆ, ಬರೆಯುತ್ತಿದ್ದಾಳೆ, ನಿಂತಿಲ್ಲ, ಒಳ್ಳೆಯದು. ಮೈ ಬಿಸಿ ಇದೆ ಇವಳದು. ಇಲ್ಲ, ಗಾಳಿಯೇ ಬಿಸಿ. ಮುಂಜಾನೆ ಎದ್ದ ಕೂಡಲೇ ಗಿರಿಜಾ ಕೂಸಿನ ಕುತ್ತಿಗೆಗೆ ಕೈ ಹಚ್ಚಿ ಕೇಳಿದ್ದಳು, ಮೈ ಬಿಸಿ ಹತ್ತಾಕತ್ತದ, ನೋಡ್ರಿ. ನಾನೂ ಮುಟ್ಟಿದೆ, ಬಿಸಿ ಇತ್ತು, ಕೈ ತೆಗೆಯದೆಯೇ ಹೇಳಿದೆ, ಬ್ಯಾಸಗಿ ಅದ, ತಗಡಿನ ಪತ್ರಾದ ಕೆಳಗ ಮಲಗೀವಿ, ಎಲ್ಲರ ಮೈಯೂ ಹಿಂಗೇ ಇರತದ, ನೀ ನಡಿ. ಅವಳು ನನ್ನ ಮುಖವನ್ನೇ ನೋಡಿದಳು, ಸ್ವಲ್ಪ ಹೊತ್ತು, ಆಮೇಲೆ ಗೋಡೆಯ ಕಡೆ ತಿರುಗಿ ಜಡೆ ಹೆಣೆಯತೊಡಗಿದಳು. ಕೂಸು ಅಷ್ಟರಲ್ಲಿ ಮತ್ತೆ ಭೇದಿ ಮಾಡಿತ್ತು, ನೀರಿನಂಥದ್ದು, ನಾನೇ ಬಟ್ಟೆ ಬದಲಿಸಿ ಹಿತ್ತಲಿಗೆ ಒಯ್ದು ಹಿಂಡಿ ಹಾಕಿದೆ, ಅವಳಿಗೆ ಹೇಳಲಿಲ್ಲ.

ಇಲ್ಲಿ ಹುಮನಾಬಾದಿಗೆ ಬಂದದ್ದೇ ಗೋದಾಮು ಕಟ್ಟುವ ಕೆಲಸಕ್ಕೆ, ಶಿವರಾತ್ರಿ ಆದ ಮೇಲೆ, ಗೌಂಡಿಗೆ ಏನು, ಎಲ್ಲಿ ಗೋಡೆ ಏಳುತ್ತದೋ ಅಲ್ಲೇ ಊರು. ಖೋಲಿ ಸಿಗಲಿಲ್ಲ ಬೇಗ. ಪ್ರತಿ ಬಾಗಿಲಲ್ಲೂ ಮೊದಲು ಗಿರಿಜಾಳ ಕೈಯಲ್ಲಿದ್ದ ಕೂಸನ್ನು ನೋಡಿ ನಗುತ್ತಿದ್ದರು, ಆಮೇಲೆ ಯಾವ ಮಂದಿ ನೀವು ಎಂದು ಕೇಳುತ್ತಿದ್ದರು, ಆಮೇಲೆ ಖೋಲಿ ಇರುತ್ತಿರಲಿಲ್ಲ. ಮುನ್ನಿ ಬೀ ಮಾತ್ರ ಬೇರೆ ಕೇಳಿದಳು, ಬಚ್ಚಿ ಭಾಳ ಅಳತಾಳೇನು. ಅಳತಾಳ್ರಿ, ಅಂದೆ, ಸುಳ್ಳು ಯಾಕೆ ಹೇಳುವುದು. ಅಳಲಿ ಬೇಟಾ, ನಮ್ಮ ಮನಿ ಸುಮ್ಮನಾಗಿ ಭಾಳ ದಿನ ಆತು, ಅಂದಳು ಮುದುಕಿ, ಕೀಲಿ ಕೊಟ್ಟಳು. ಪತ್ರಾ ಹೊದಿಸಿದ ಖೋಲಿ, ಮಧ್ಯಾಹ್ನ ರೊಟ್ಟಿ ಸುಡುವ ಹಂಚಿನ ಹಾಗೆ ಕಾಯುತ್ತದೆ, ಮೇಲೆ ಗೋಣಿ ಹೊದಿಸಿ ನೀರು ಸುರಿದರೆ ಒಂದು ಗಳಿಗೆ ಉಸಿರಾಡಬಹುದು, ಆಮೇಲೆ ಗೋಣಿ ಒಣಗಿದ ವಾಸನೆ. ಆದರೆ ನೆಲ ಚೆನ್ನಾಗಿದೆ, ಶಹಾಬಾದಿನ ಫರಸಿ ಕಲ್ಲು, ತಣ್ಣಗೆ, ಅದರ ಮೇಲೇ ಗಿರಿಜಾ ಬಳಪದಿಂದ ಲೆಕ್ಕ ಮಾಡುತ್ತಿದ್ದಳು, ಈ ಗೋಡೆಯಿಂದ ಆ ಗೋಡೆಯ ತನಕ, ಕೂಸು ಹೊಟ್ಟೆ ಎಳೆದುಕೊಂಡು ಅಂಕಿಗಳ ಮೇಲೆ ಹರಿದು ಹೋಗುತ್ತಿತ್ತು, ಹೊಟ್ಟೆಗೆಲ್ಲ ಬಳಪ, ಅಯ್ಯ ನನ್ನ ಉತ್ತರ ತಿಂದಳು ನೋಡ್ರಿ ಇಕಿ, ಅನ್ನುತ್ತಿದ್ದಳು, ಮತ್ತೆ ಮೊದಲಿನಿಂದ ಮಾಡುತ್ತಿದ್ದಳು, ಬೇಸರ ಇಲ್ಲ. ನನಗೆ ಆ ಲೆಕ್ಕ ತಿಳಿಯುವುದಿಲ್ಲ. ನನಗೆ ತಿಳಿಯುವುದು ಇಷ್ಟೇ, ಹೋದ ವರ್ಷ ನಮ್ಮೂರು ಕಲ್ಯಾಣದಲ್ಲಿ ಇವಳು ಮೂರು ತಿಂಗಳ ಬಸುರಿ, ಮೆಟ್ರಿಕ್ಕಿನ ಎಲ್ಲ ಪೇಪರೂ ಬರೆದಳು, ಗಣಿತದ ದಿನ ಬೆಂಚಿನ ಮೇಲೇ ಕಣ್ಣು ಕತ್ತಲೆ ಬಂದು ಬಿದ್ದಳು, ಅದೊಂದೇ ಉಳಿಯಿತು. ಅದೊಂದು ದಾಟಿದರೆ ಟ್ರೈನಿಂಗಿಗೆ ಹೋಗಬಹುದು, ಟೀಚರ್ ಆಗಬಹುದು, ನಮ್ಮ ಓಣಿಯಲ್ಲಿ ಯಾವ ಹೆಂಗಸೂ ಮೆಟ್ರಿಕ್ಕಿನ ಮುಖ ನೋಡಿಲ್ಲ. ಮುಂದಿನ ವರ್ಷ ನೋಡೋಣ ಎಂದರೆ ಮುಂದಿನ ವರ್ಷ ಯಾವ ಊರಿನ ಗೋಡೆಯೋ, ಇನ್ನೊಂದು ಹೊಟ್ಟೆಯೋ, ಅವ್ವನ ಮಾತೋ. ಇವತ್ತೇ ಆಗಬೇಕು. ಅದಕ್ಕೇ ಹೇಳಿದೆ ನೀ ನಡಿ ಎಂದು. ಸರಿಯೇ ಹೇಳಿದೆ. ಅಲ್ಲವೇ.

ಕೆಮ್ಮಿತು, ಇಲ್ಲ, ಕಕ್ಕಿತು, ಹೋಗುವಾಗ ಕುಡಿಸಿದ ಹಾಲೆಲ್ಲ ಬಂತು, ಮೊಸರಿನ ಹಾಗೆ ಒಡೆದು, ನನ್ನ ಅಂಗಿಯ ಮೇಲೆ, ಆಗಲಿ, ಆಗಲಿ ಅವ್ವಾ, ಸುಜಾತಾ, ಇಲ್ಲಿ ನೋಡು, ಅಪ್ಪನ ಕಡೆ ನೋಡು, ಸಕ್ಕರೆ ನೀರು ಇದೆ ಬಾಟಲಿಯಲ್ಲಿ, ಮುನ್ನಿ ಬೀ ಕಟ್ಟಿಕೊಟ್ಟದ್ದು, ಹಲ್ಲು ಬರಾಕತ್ಯಾವ ಬೇಟಾ, ಅದಕ್ಕೇ ಹೊಟ್ಟಿ ಹಿಂಗ ಆಗ್ಯಾದ, ಘಾಬರಿ ಆಗಬ್ಯಾಡ, ಎಂದಿದ್ದಳು. ಒಂದು ಗುಟುಕು ಕುಡಿ. ಕುಡಿಯಿತು. ಅದನ್ನೂ ಕಕ್ಕಿತು. ಅಳುತ್ತಿದೆ, ಗಟ್ಟಿಯಾಗಿ ಅಳುತ್ತಿದೆ, ಗಿರಿಜಾಗೆ ಕೇಳಿಸುತ್ತದೆ, ತಲೆ ಎತ್ತಿದಳು, ನಾನು ನಗಬೇಕು, ಕೈ ಎತ್ತಿ ಏನಿಲ್ಲ ಏನಿಲ್ಲ ಅನ್ನಬೇಕು, ಹೆಗಲಿಗೆ ಹಾಕಿಕೊಂಡು ಆ ಕಡೆ ಈ ಕಡೆ ಓಡಾಡಬೇಕು, ಹಾಂ, ತಲೆ ಬಗ್ಗಿಸಿದಳು, ಬರೆಯುತ್ತಿದ್ದಾಳೆ. ಅಳು ಸಣ್ಣಗಾಯಿತು. ಕುಯ್ ಕುಯ್ ಅನ್ನುವಷ್ಟು. ಆಮೇಲೆ ಅದೂ ಇಲ್ಲ. ಮಲಗಿತು. ಮಲಗಿತೇ? ಕಣ್ಣು ಅರ್ಧ ತೆರೆದಿದೆ, ಬಿಳಿ ಕಾಣುತ್ತಿದೆ, ತುಟಿ ಒಣಗಿ ಬಿರಿದಿದೆ, ಅಳುವಾಗ ಕಣ್ಣೀರೇ ಬರಲಿಲ್ಲ, ಈಗ ಹೊಳೆಯುತ್ತಿದೆ ನನಗೆ, ಅಷ್ಟು ಅತ್ತರೂ ಕೆನ್ನೆ ಒಣಗಿಯೇ ಇದೆ. ಮಲಗಿರಬೇಕು. ಮಲಗೇದ ಅಂದ್ಕೊಂಡೆ ಅಪ್ಪಾ, ಅಂದಿದ್ದಳು ಅವ್ವ, ಒಂದೇ ಒಂದು ಸಲ ಹೇಳಿದ್ದು, ನನ್ನ ಮದುವೆಯ ಹಿಂದಿನ ದಿನ, ಯಾಕೆ ಆವತ್ತು ಹೇಳಿದಳೋ. ನಾರಾಯಣಪುರದಲ್ಲಿ ಪಾಟೀಲರ ಕಡಲೆ ಹೊಲ, ಜಾಲಿ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ನನ್ನ ತಮ್ಮನನ್ನು ಮಲಗಿಸಿದ್ದಳು, ನನಗೆ ನೆನಪಿಲ್ಲ, ನಾನೂ ಅಲ್ಲೇ ಎಲ್ಲೋ ಆಡಿಕೊಂಡಿದ್ದೆನಂತೆ. ಅಳತಿತ್ತು, ಹೋಗತೀನಿ ಅಂದೆ, ಆಳುಗಳ ಮುಕದ್ದಮ ಅಂದ, ಸರುಬಾಯಿ, ಹಿಡದ ಸಾಲು ಮುಗಿಸಿ ಹೋಗು. ಮುಗಿಸಾಕತ್ತೆ. ಅಳೂದ ನಿಂತಿತು. ಮಲಗೇದ ಅಂದ್ಕೊಂಡೆ ಅಪ್ಪಾ. ಸಾಲು ಮುಗಿಸಿ ಹೋದೆ. ಅಷ್ಟು ಹೇಳಿ ಅವ್ವ ಎದ್ದು ಹೋಗಿ ದೀಪದ ಬತ್ತಿ ಸರಿ ಮಾಡಿದಳು. ಈ ಸಲ ಯುಗಾದಿಗೆ ಬಂದಾಗಲೂ ಅದೇ ಮುಖ, ಫರಸಿಯ ಮೇಲಿನ ಅಂಕಿಗಳನ್ನು ನೋಡುತ್ತ ನಿಂತಳು, ಕೂಸಿನ ತಾಯಿಗಿ ಇದೆಲ್ಲ ಈಗ ಯಾಕ, ಎಂದಳು, ಮಧ್ಯಾಹ್ನದ ಬಸ್ಸಿಗೇ ಕಲ್ಯಾಣಕ್ಕೆ ಹೊರಟುಹೋದಳು. ಅವ್ವಾ, ಅದು ಪಾಟೀಲರ ಸಾಲು, ಇದು ನಮ್ಮದೇ. ನಮ್ಮದಾದರೆ ಏನಾಯಿತು, ಕೂಸಿಗೆ ಅದು ಯಾರ ಸಾಲಾದರೇನು.

ನೆತ್ತಿ. ನೆತ್ತಿಯ ಮೇಲೆ ಕೈ ಇಟ್ಟೆ, ದಿನಾ ಎಣ್ಣೆ ಹಚ್ಚುವ ಜಾಗ, ದಿನಾ ಮೆತ್ತಗೆ ಉಬ್ಬಿ ಮಿಡಿಯುವ ಜಾಗ, ಬೆರಳು ಒಳಗೆ ಇಳಿಯಿತು, ತಗ್ಗು ಬಿದ್ದಿದೆ. ಎದ್ದೆ. ಗೇಟಿನ ಹತ್ತಿರ ಹೋದೆ, ಜವಾನ ಪಂಡರಿ ಸ್ಟೂಲಿನ ಮೇಲೆ ಕೂತು ಬೀಸಣಿಗೆಯ ಹಾಗೆ ಟೋಪಿ ಬೀಸಿಕೊಳ್ಳುತ್ತಿದ್ದ. ಕಾಕಾ, ನನ್ನ ಹೆಂಡತಿನ್ನ ಕರೀಬೇಕಾಗಿತ್ರಿ, ಕೂಸಿಗಿ ಹಾಲ ಬೇಕು. ಅವನು ಕೂಸನ್ನು ನೋಡಿದ, ಟೋಪಿ ತಲೆಗೆ ಹಾಕಿಕೊಂಡ. ಕರೀತೀನಪ್ಪ, ನನಗೇನು, ಆದರ ಒಮ್ಮಿ ಹೊರಗ ಬಂದಳಂದ್ರ ಮತ್ತ ಒಳಗ ಬಿಡಂಗಿಲ್ಲ, ಪೇಪರ್ ಕಸಗೋತಾರ, ಸಾಹೇಬ್ರು ಭಾಳ ಕಡಕ್ ಅದಾರ, ವಿಚಾರ ಮಾಡಿ ಹೇಳು. ವಿಚಾರ ಮಾಡಿ ಹೇಳು. ಅವನು ಕಾಯುತ್ತಿದ್ದಾನೆ, ನನ್ನ ಬಾಯಿಯನ್ನೇ ನೋಡುತ್ತಿದ್ದಾನೆ. ಇನ್ನೂ ಎಷ್ಟು ಹೊತ್ತದ ಕಾಕಾ? ಅದ ಇನ್ನೂ, ಅರ್ಧ ಆಗಿರಬೇಕು. ಇಲ್ಲಿಂದ ಕಿಟಕಿ ಓರೆಯಾಗಿ ಕಾಣುತ್ತದೆ, ಗಿರಿಜಾಳ ಕೈ ಮಾತ್ರ, ಬಳೆ ಮೇಲೆ ಸರಿಸಿಕೊಂಡಿದ್ದಾಳೆ, ಕೈ ಎಡದಿಂದ ಬಲಕ್ಕೆ ಹೋಗುತ್ತದೆ, ಮತ್ತೆ ಎಡಕ್ಕೆ ಬರುತ್ತದೆ, ನಾನು ಇಟ್ಟಿಗೆಯ ಮೇಲೆ ಗಾರೆ ಎಳೆಯುವ ಹಾಗೆ, ನಿಲ್ಲದೆ. ಕರೆದರೆ ಓಡಿ ಬರುತ್ತಾಳೆ, ಒಂದು ಮಾತೂ ಅನ್ನುವುದಿಲ್ಲ, ಆಮೇಲೆ ಜೀವಮಾನವೆಲ್ಲ ಅನ್ನುವುದಿಲ್ಲ. ಕರೆಯದಿದ್ದರೆ, ಕರೆಯದೆ ಇದಕ್ಕೇನಾದರೂ ಆದರೆ. ಹಾಲು ಕೊಟ್ಟರೂ ಕಕ್ಕುತ್ತಿದೆಯಲ್ಲ, ಹಾಲಿನಿಂದ ಆಗುವುದಲ್ಲ ಇದು, ದವಾಖಾನೆ ಬೇಕು, ದವಾಖಾನೆಗೆ ಒಯ್ಯಲು ನನ್ನ ಕಾಲು ಸಾಕು, ಅವಳ ಕಾಲು ಯಾಕೆ ಬೇಕು, ಹೌದು, ಹೀಗೆ ವಿಚಾರ ಮಾಡುವುದು ಸರಿ, ಸರಿಯೋ ತಪ್ಪೋ, ಕಾಕಾ ಕರೀಬ್ಯಾಡ್ರಿ, ಅಂದೆ, ನನ್ನ ಬಾಯಿಂದಲೇ ಬಂತು. ಪೇಪರ್ ಮುಗದ ಮ್ಯಾಲ ಹೇಳ್ರಿ, ಸರಕಾರಿ ದವಾಖಾನಿಗಿ ಹೋಗ್ಯಾನಂತ. ಮುಗದ ಮ್ಯಾಲ ಹೇಳ್ರಿ. ಹೇಳತೀನಿ, ನೀ ಓಡು, ಅಂದ ಪಂಡರಿ.

ಓಡು, ನೆಲ ಸುಡುತ್ತಿದೆ, ಚಪ್ಪಲಿ ಮರದ ಬುಡದಲ್ಲೇ ಉಳಿಯಿತು, ಉಳಿಯಲಿ, ಬಜಾರದಲ್ಲಿ ಜನ ಇಲ್ಲ, ಅಂಗಡಿಗಳ ಮುಂದೆ ಗೋಣಿತಟ್ಟು ಇಳಿಬಿಟ್ಟು ಒಳಗೆ ಮಲಗಿದ್ದಾರೆ, ಒಂದು ಕಡೆ ರೇಡಿಯೋ ಸಣ್ಣಗೆ ಯಾವುದೋ ದರ ಓದುತ್ತಿದೆ, ಎದೆಗೆ ಒತ್ತಿ ಹಿಡಿದರೆ ನನ್ನ ಮೈಯ ಬಿಸಿಯೂ ಇದಕ್ಕೇ ಹತ್ತುತ್ತದೆ, ದೂರ ಹಿಡಿದರೆ ಬಿಸಿಲು ಬೀಳುತ್ತದೆ, ಹೇಗೆ ಹಿಡಿಯುವುದು ಒಂದು ಕೂಸನ್ನು. ಹೋಟೆಲ್ಲಿನ ಮುಂದೆ ನೀರಿನ ಪೀಪಾಯಿ, ಬೇರೆ ದಿನವಾಗಿದ್ದರೆ ಕೈ ಒಡ್ಡಿ ನಿಲ್ಲುತ್ತಿದ್ದೆ, ಯಾರಾದರೂ ಬಂದು ಮೇಲಿನಿಂದ ಸುರಿಯಲಿ ಎಂದು, ಇವತ್ತು ಟವೆಲ್ಲನ್ನೇ ಒಳಗೆ ಅದ್ದಿದೆ, ಮೊಣಕೈ ತನಕ, ಏ, ಏ, ಯಾರವ, ಎಂದು ಗಲ್ಲಾದ ಮೇಲಿದ್ದವನು ಎದ್ದ, ಎದ್ದವನು ಕೂಸನ್ನು ನೋಡಿದ, ಮುಂದೆ ಏನಂದನೋ, ನಾನು ಅಲ್ಲಿರಲಿಲ್ಲ. ಒದ್ದೆ ಟವೆಲ್ ಸುತ್ತಿದಾಗ ಒಮ್ಮೆ ಮೈ ಜಗ್ಗಿತು, ಬಾಯಿ ತೆರೆಯಿತು, ದನಿ ಬರಲಿಲ್ಲ, ಬೆಕ್ಕಿನ ಮರಿ ಆಕಳಿಸಿದ ಹಾಗೆ. ಅಳು, ಅಳು ನನ್ನವ್ವಾ, ಮುನ್ನಿ ಬೀಗೆ ಹೇಳಿದ್ದೇನೆ ಅಳತಾಳ ಅಂತ, ಸುಳ್ಳು ಮಾಡಬೇಡ. ಈ ಓಣಿಯೋ, ಗುಡಿಯ ಕಡೆಯ ಓಣಿಯೋ, ಇದೇ, ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ನಗುವ ಎರಡು ಮಕ್ಕಳ ಮುಖ, ಇಲ್ಲೇ.

ಬಾಗಿಲು ತೆರೆದಿದೆ, ಕುರ್ಚಿ ಖಾಲಿ. ಡಾಕ್ಟರ್ ಸಾಹೇಬ್ರು ಘಾಟಬೋರಾಳಕ್ಕ ಕ್ಯಾಂಪಿಗಿ ಹೋಗ್ಯಾರ, ಸಂಜಿಗಿ ಬಾ, ಎಂದಿತು ಒಳಗಿನಿಂದ ಒಂದು ದನಿ, ಆಮೇಲೆ ದನಿಯವಳು ಹೊರಗೆ ಬಂದಳು, ಬಿಳಿ ಸೀರೆ, ದಪ್ಪ ಮೈ, ನರ್ಸ್ ಶೇವಂತಾಬಾಯಿ, ಸುಜಾತಾಗೆ ಸಿಡುಬಿನ ದೇವಿ ಹಾಕಿಸಲು ಬಂದಾಗ ನೋಡಿದ್ದೆ, ನನ್ನ ಕೈಯಲ್ಲಿದ್ದದ್ದನ್ನು ನೋಡಿ ಸಂಜೆಯ ಮಾತು ಬಿಟ್ಟಳು. ಇಲ್ಲಿ ಕೊಡು. ಹೊಟ್ಟೆಯ ಚರ್ಮ ಚಿವುಟಿ ಎತ್ತಿದಳು, ಬಿಟ್ಟಳು, ಅದು ಹಾಗೇ ನಿಂತಿತು, ಮಡಿಕೆ ಬಿದ್ದ ಅರಿವೆಯ ಹಾಗೆ, ನಿಧಾನಕ್ಕೆ ಕೂತಿತು. ಯಾವಾಗಿಂದ? ನಿನ್ನೆ ಸ್ವಲ್ಪ ಇತ್ತು ಅಕ್ಕೋರೆ, ಮುಂಜಾನಿಂದ ಭಾಳ. ಉಚ್ಚಿ ಹೊಯ್ದದೇನು? ನೆನಪು ಮಾಡಿಕೊಂಡೆ, ಮುಂಜಾನೆ ಹಿಂಡಿದ ಬಟ್ಟೆ, ಆಮೇಲೆ ಇಲ್ಲ, ಆಮೇಲೆ ಒಣಗಿಯೇ ಇತ್ತು. ಇಲ್ರಿ. ಇದರ ತಾಯಿ ಎಲ್ಲಿ? ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು, ದಾರಿಯುದ್ದಕ್ಕೂ ಗೊತ್ತಿತ್ತು. ಪರೀಕ್ಷಾದಾಗ ಕುಂತಾಳ್ರಿ, ಮೆಟ್ರಿಕ್, ಗಣಿತ. ಶೇವಂತಾಬಾಯಿ ನನ್ನನ್ನು ಒಮ್ಮೆ ನೋಡಿದಳು, ತಲೆಯಿಂದ ಬರಿಗಾಲ ತನಕ. ಇಂಥಾ ಕೂಸ ಬಿಟ್ಟು? ಆಕಿಗಿ ಗೊತ್ತಿಲ್ರಿ, ನಾನೇ ಹೇಳಿಲ್ಲ. ಹುಚ್ಚ ಇದ್ದೀ ನೀ, ಅಂದಳು, ಅಷ್ಟೇ, ಕೈ ನಿಲ್ಲಲಿಲ್ಲ, ಸ್ಟೋವಿನ ಮೇಲೆ ಕುದಿಯುತ್ತಿದ್ದ ಸೂಜಿ ತೆಗೆದಳು, ತೊಡೆಯ ಚರ್ಮದ ಕೆಳಗೆ ಚುಚ್ಚಿದಳು, ಅಷ್ಟು ದಪ್ಪ ಸೂಜಿ, ಇಷ್ಟು ತೊಡೆ, ಸುಜಾತಾ ಕೂಗಲೂ ಇಲ್ಲ. ಸಲೈನ್ ಇಳಿಯುತ್ತಿದೆ, ತೊಡೆ ಉಬ್ಬುತ್ತಿದೆ, ಆ ಕೈಯಲ್ಲಿ ಬಟ್ಟಲು ಈ ಕೈಯಲ್ಲಿ ಚಮಚ ಕೊಟ್ಟಳು, ಕುದಿಸಿ ಆರಿಸಿದ ನೀರು, ಉಪ್ಪು, ಸಕ್ಕರೆ. ಹನಿ ಹನಿ ಹಾಕು, ಭಾಳ ಹಾಕಬ್ಯಾಡ, ಕಕ್ಕತದ, ಕಕ್ಕಿದರೂ ಬಿಡಬ್ಯಾಡ, ಹಾಕ್ಕೋತ ಇರು. ಹಾಕುತ್ತೇನೆ. ಒಂದು ಹನಿ ತುಟಿಗೆ, ತುಟಿ ಅಲುಗಲಿಲ್ಲ, ಓರೆಯಾಗಿ ಹರಿದು ಕುತ್ತಿಗೆಗೆ ಇಳಿಯಿತು. ಇನ್ನೊಂದು. ನಾಲಿಗೆಯ ತುದಿ ಬಂತು, ಇಲ್ಲ, ನಾನು ಅಂದುಕೊಂಡದ್ದು. ಇನ್ನೊಂದು. ಬಂತು, ಖರೆ ಬಂತು. ಇಟ್ಟಿಗೆಗೆ ನೀರು ಕುಡಿಸುವುದು ಗೊತ್ತು ನನಗೆ, ಬೇಸಿಗೆಯಲ್ಲಿ ಕಟ್ಟಿದ ಗೋಡೆಗೆ ನೀರು ಬಿಡುತ್ತಲೇ ಇರಬೇಕು, ಬಿಟ್ಟರೆ ಬಿರಿಯುತ್ತದೆ, ಕೈ ನಡುಗಬಾರದು, ಚಮಚ ಹಲ್ಲಿಲ್ಲದ ವಸಡಿಗೆ ಬಡಿಯಬಾರದು. ಗಿರಿಜಾ ಈಗ ತಲೆ ಎತ್ತಿದ್ದರೆ? ಎತ್ತಬೇಡ, ಬರಿ, ಮರದ ಕಡೆ ನೋಡಬೇಡ. ನೋಡಿ ಎದ್ದು ಬಂದರೆ ಎರಡೂ ಹೋದವು. ನೋಡದೆ ಬರೆದು ಮುಗಿಸಿ ನಗುತ್ತ ಬಂದಾಗ ನಾನು ಏನು ಕೊಡುವುದು ಅವಳ ಕೈಗೆ. ಇನ್ನೊಂದು ಹನಿ. ಶೇವಂತಾಬಾಯಿ ಬಂದು ನೆತ್ತಿ ಮುಟ್ಟುತ್ತಾಳೆ, ಹೋಗುತ್ತಾಳೆ, ಏನೂ ಹೇಳುವುದಿಲ್ಲ, ಏನಾದರೂ ಹೇಳ್ರಿ ಅಕ್ಕೋರೆ, ಅಂದೆ. ಹೇಳಾಕ ಇನ್ನೂ ಏನೂ ಇಲ್ಲ, ಹಾಕು ನೀ. ಹಾಕುತ್ತಿದ್ದೇನೆ. ಬೆನ್ನು ಒದ್ದೆಯಾಗಿ ಅಂಗಿ ಬೆಂಚಿಗೆ ಅಂಟಿದೆ, ಕಕ್ಕಿದ ಹಾಲು ಎದೆಯ ಮೇಲೆ ಒಣಗಿ ಚರ್ಮ ಎಳೆಯುತ್ತಿದೆ, ನೊಣ, ಹೋಗು, ಬಾಯಿಯ ಹತ್ತಿರ ಬರಬೇಡ, ಇನ್ನೊಂದು ಹನಿ, ನುಂಗಿದಳು.

ಓಡಿ ಬರುವ ಕಾಲಿನ ಸಪ್ಪಳ, ಅವಳೇ. ಬಾಗಿಲಲ್ಲಿ ನಿಂತಳು, ಬೆಳಕು ಹಿಂದೆ, ಮುಖ ಕಾಣಲಿಲ್ಲ, ಕುಪ್ಪಸದ ಮುಂಭಾಗವೆಲ್ಲ ಹಾಲಿನಿಂದ ತೊಯ್ದು ಸೀರೆಯ ಸೆರಗಿಗೆ ಇಳಿದಿದೆ, ಕೈಯಲ್ಲಿ ನನ್ನ ಚಪ್ಪಲಿ. ಚಪ್ಪಲಿ ನೆಲಕ್ಕೆ ಹಾಕಿದಳು. ಕೂಸು ಕೊಡ್ರಿ. ಕೊಟ್ಟೆ, ಸೂಜಿ ಇದ್ದ ತೊಡೆಯನ್ನು ಶೇವಂತಾಬಾಯಿ ಹಿಡಿದುಕೊಂಡಳು, ಎದಿಗಿ ಹಚ್ಚು ತಾಯಿ, ಎಳೀಲಿಲ್ಲ ಅಂದ್ರ ಬಾಯಾಗ ಹಿಂಡು, ಎಂದಳು, ಬೈಯಲಿಲ್ಲ ಅವಳಿಗೆ. ಎಳೆಯಲಿಲ್ಲ. ಗಿರಿಜಾ ಕೂಸಿನ ಗಲ್ಲ ಹಿಡಿದು ಬಾಯಿ ತೆರೆದು ಹಿಂಡಿದಳು, ಹಾಲು ತುಂಬಿ ಹೊರಗೆ ಚೆಲ್ಲಿತು, ನಾನು ನೋಡಲಾರದೆ ಗೋಡೆ ನೋಡಿದೆ, ಗೋಡೆಯ ಗಾರೆ ಗಿಲಾವು ಎಷ್ಟು ಕೆಟ್ಟದಾಗಿ ಮಾಡಿದ್ದಾರೆ, ಉಬ್ಬು ತಗ್ಗು, ಯಾರು ಮಾಡಿದರೋ. ಮುಗೀತೇನು, ಎಂದು ಕೇಳಿದೆ, ಕೇಳಬಾರದಿತ್ತು, ಬಾಯಿ ಕೇಳಿತು. ಮುಗಿಸೀನಿ, ಅಂದಳು. ಆಮೇಲೆ ಕೂಸಿನ ಮುಖದಿಂದ ಕಣ್ಣು ತೆಗೆಯದೆ, ಯಾರಿಗೂ ಅಲ್ಲದ ಹಾಗೆ ಅಂದಳು, ನಡುವ ತಲಿ ಎತ್ತಿ ನೋಡಿದೆ, ಗಿಡದ ಬುಡಕ ಚಪ್ಪಲಿ ಇದ್ದವು, ನೀವಿರಲಿಲ್ಲ. ಆವಾಗೇ ಗೊತ್ತಾತು. ಗೊತ್ತಾದ ಮ್ಯಾಲನೂ ಬರಕೋತ ಕುಂತೆ. ಮುಂಜಾನೆನೂ ಗೊತ್ತಿತ್ತು ನನಗ, ಮೈ ಸುಡತಿತ್ತು, ಹಿತ್ತಲದಾಗ ಹಿಂಡಿ ಹಾಕಿದ ಬಟ್ಟಿ ನೋಡೀನಿ, ನೀವ್ ಹೋಗಬ್ಯಾಡ ಅಂತೀರೇನು ಅಂತ ನಿಮ್ಮ ಮಾರಿ ನೋಡಿದೆ, ನೀವ್ ನಡಿ ಅಂದ್ರಿ, ಹೋದೆ. ದನಿ ಎತ್ತಲಿಲ್ಲ, ಅಳಲಿಲ್ಲ. ನಾನು ಹೇಳಬೇಕೆಂದು ಕೂಡಿಟ್ಟುಕೊಂಡ ಮಾತುಗಳೆಲ್ಲ, ನಿನ್ನ ಸಲುವಾಗಿ ಮುಚ್ಚಿಟ್ಟೆ, ನೀ ಬರೀಲಿ ಅಂತ ಒಬ್ಬನೇ ಹೊತ್ತೆ ಎಂಬುದೆಲ್ಲ, ಯಾವುದಕ್ಕೂ ಬರದೆ ಬಿದ್ದುಹೋದವು, ಒಬ್ಬನೇ ಹೊತ್ತಿರಲಿಲ್ಲ ನಾನು, ಇಬ್ಬರೂ ಒಂದೊಂದು ತುದಿ ಹಿಡಿದುಕೊಂಡೇ ಗೇಟಿನ ತನಕ ಬಂದಿದ್ದೆವು. ಅವಳ ಪಕ್ಕ ಬೆಂಚಿನ ಮೇಲೆ ಕೂತೆ. ಭುಜಕ್ಕೆ ಭುಜ ತಾಗಿತು, ಅವಳು ಸರಿಯಲಿಲ್ಲ. ಆಗ ಶೇವಂತಾಬಾಯಿ ಸೆರಗು ಎತ್ತಿ ನೋಡಿದಳು, ನಿನ್ನ ಸೀರಿ ತೊಯ್ದದ ನೋಡವ್ವ, ಉಚ್ಚಿ ಹೊಯ್ದಾಳ, ಇನ್ನ ಹೆದರಬ್ಯಾಡ್ರಿ, ಆದರ ಸಂಜಿತನಾ ಇಲ್ಲಿಂದ ಏಳಬ್ಯಾಡ್ರಿ, ಎಂದು ಮೊದಲ ಸಲ ತಾನೂ ಸ್ಟೂಲಿನ ಮೇಲೆ ಕೂತಳು. ನಾನು ಗಿರಿಜಾಳ ಮುಖ ನೋಡಲಿಲ್ಲ, ಕೂಸಿನದೇ ನೋಡಿದೆ, ಕೆನ್ನೆಯ ಮೇಲೆ ಏನೋ ನೀಲಿ, ಮೈ ನೀಲಿಗಟ್ಟಿತೇ ಎಂದು ಬಗ್ಗಿದೆ, ಅಲ್ಲ, ಶಾಯಿ, ಗಿರಿಜಾಳ ಬೆರಳು, ಪೆನ್ನು ಸೋರಿ ಹತ್ತಿದ ಶಾಯಿ, ಬಾಯಿ ತೆರೆಯಲು ಗಲ್ಲ ಹಿಡಿದಾಗ ಬಿದ್ದ ಗುರುತು, ಹೆಬ್ಬೆರಳಿನ ಗೆರೆಗಳೆಲ್ಲ ಕಾಣುವ ಹಾಗೆ, ಒರೆಸಬೇಕೆಂದು ಕೈ ಎತ್ತಿದೆ, ಒರೆಸಲಿಲ್ಲ, ಕೆನ್ನೆ ಗುಳಿ ಬಿತ್ತು, ನೀಲಿ ಒಳಗೆ ಹೋಯಿತು, ಎಳೆಯುತ್ತಿದ್ದಾಳೆ, ಕೆನ್ನೆ ಉಬ್ಬಿತು, ನೀಲಿ ಹೊರಗೆ ಬಂತು, ಗೋದಾಮಿನ ಕೆಲಸ, ನಾಳೆ ಮೇಸ್ತ್ರಿಗೆ ಏನು ಹೇಳುವುದು, ನೀಲಿ ಒಳಗೆ ಹೋಯಿತು, ಅವ್ವನಿಗೆ ಹೇಳುವುದೋ ಬೇಡವೋ, ಹೊರಗೆ ಬಂತು, ಒಳಗೆ ಹೋಯಿತು, ನಿಂತಿತು — ಗಿರಿಜಾ ಉಸಿರು ಹಿಡಿದಳು, ನಾನೂ ಹಿಡಿದೆ — ಹೊರಗೆ ಬಂತು, ನೀಲಿ.